ರಾಚಯ್ಯನವರ ವಂಶ ಯಾವ ಕಲ್ಲಿನಲ್ಲಿದೆ?

ಅಪ್ಪನ ಹೆಸರನ್ನು ಊರಿಗೆ ಇಡಬೇಕಾದರೆ ಮಗ ರಾಜನಾಗಿರಬೇಕು. ಅರಿಕುಠಾರ ಚಾಮರಾಜನಗರವಾದದ್ದು ಹಾಗೆಯೇ. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಅಲ್ಲಿ ಹುಟ್ಟಿದರು. ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಊರಿನ ಹೆಸರು ಬದಲಿಸಿದರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಗುಂಡ್ಲುಪೇಟೆಯಲ್ಲೂ ಇದೇ ಕತೆ: ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವನ ಗುಡಿ. ಆ ಕಲ್ಲು ಹೊತ್ತವರ ಅಪ್ಪಂದಿರು ಯಾರು? ಗುಡಿಯನ್ನು ಕೇಳಿ ನೋಡಿ, ಬಾಯಿ ಬಿಡುವುದಿಲ್ಲ.

ಈಗ ಚಾಮರಾಜನಗರ ತಾಲ್ಲೂಕಿನ ಆಲೂರಿಗೆ ಬನ್ನಿ. 1922ರಲ್ಲಿ ಹುಟ್ಟಿದ ಬಿ. ರಾಚಯ್ಯನವರು ಈ ಊರಿನ ದಲಿತರ ಮನೆಯವರು. ಶಾಸಕರಾದರು, ಮಂತ್ರಿಯಾದರು, 1977ರಲ್ಲಿ ಲೋಕಸಭೆಗೆ ಹೋದರು, 1990ರಿಂದ 1995ರವರೆಗೆ ಕೇರಳದ ರಾಜ್ಯಪಾಲರಾಗಿದ್ದರು. ಅವರ ವಂಶ ಬರೆಯಲು ಹೊರಟರೆ ಯಾವ ಕಲ್ಲನ್ನು ಓದಬೇಕು? ರೈಸ್ ಸಾಹೇಬರು 1898ರಲ್ಲಿ ಅಚ್ಚು ಹಾಕಿಸಿದ ಈ ಸೀಮೆಯ ಶಾಸನಗಳಲ್ಲಿ ದಾನ ಕೊಟ್ಟವರ ಪೀಳಿಗೆ ಸಿಗುತ್ತದೆ, ಪಡೆದವರ ಗೋತ್ರ ಸಿಗುತ್ತದೆ. ಆ ಭೂಮಿ ಉತ್ತವರನ್ನು ಹುಡುಕಲು ಹೋದರೆ ಕಣ್ಣು ಸೋಲುತ್ತದೆ.

ಅಮೆರಿಕದಲ್ಲೂ ಹೀಗೆಯೇ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಹಿರೀಕರನ್ನು ಇಂಗ್ಲೆಂಡಿನ ಸಲ್‌ಗ್ರೇವ್ ಹಳ್ಳಿಯ ಮನೆಯವರೆಗೆ ಹುಡುಕಿದ್ದಾರೆ. ಅವನು ಸತ್ತ 1799ರಲ್ಲಿ ಅವನ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಆ ದೇಶದ 1850, 1860ರ ಜನಗಣತಿಗಳು ಗುಲಾಮರ ವಯಸ್ಸು, ಬಣ್ಣ ಬರೆದುಕೊಂಡವು. ಹೆಸರನ್ನು ಸಾಮಾನ್ಯವಾಗಿ ಬಿಟ್ಟವು. ಮೊಮ್ಮಕ್ಕಳು ಹುಡುಕುತ್ತಾ ಹಿಂದಕ್ಕೆ ಹೋದರೆ 1870ರಲ್ಲಿ ಗೋಡೆ ಅಡ್ಡ ಬರುತ್ತದೆ.

ನಮಗೂ ಗೋಡೆ ಇದೆ. ಆದರೆ ಅದರಲ್ಲಿ ಕಿಂಡಿಗಳಿವೆ. ಒಂದು, ಹೆಸರು. ರಾಚಯ್ಯ ಅಂದೊಡನೆ ಈ ಸೀಮೆಯವರಿಗೆ ಮಂಟೇಸ್ವಾಮಿಯ ಶಿಷ್ಯ, ಕಪ್ಪಡಿಯ ರಾಚಪ್ಪಾಜಿ ನೆನಪಾಗುತ್ತಾನೆ. ನಮ್ಮ ಕೇರಿಗಳ ಸಿದ್ದಯ್ಯ, ಮಂಟಯ್ಯ, ಮಾದಯ್ಯರೆಲ್ಲ ನೀಲಗಾರರ ತಂಬೂರಿಯಿಂದ, ದೇವರಗುಡ್ಡರ ಕಂಸಾಳೆಯಿಂದ ಇಳಿದು ಬಂದ ಹೆಸರುಗಳು. ಕಲ್ಲಿನಲ್ಲಿ ಜಾಗ ಸಿಗದವರು ಹಾಡಿನಲ್ಲಿ ಉಳಿದರು. ಇನ್ನೊಂದು ಕಿಂಡಿ ತೋಟಿ, ತಳವಾರಿಕೆಯ ಇನಾಮು ಭೂಮಿ. 1961ರ ಕಾಯ್ದೆ ಆ ವಂಶಪಾರಂಪರ್ಯ ಚಾಕರಿಗಳನ್ನು ರದ್ದು ಮಾಡಿತು. ಆ ಕಾಗದಗಳಲ್ಲಿ ನಮ್ಮ ತಾತಂದಿರ ಹೆಸರು ಹುಡುಕಬೇಕು.

ನಮಗೂ ಒಬ್ಬ ರಾಜ ಪೂರ್ವಜನಾಗಿದ್ದ ಎಂದು ಕತೆ ಕಟ್ಟುವುದು ಬೇಡ. ಆಗ ಕಲ್ಲು ಹೊತ್ತವನು ಇನ್ನೊಮ್ಮೆ ಸಾಯುತ್ತಾನೆ. ಮೇಷ್ಟ್ರೇ, ಒಡೆಯರ ವಂಶವೃಕ್ಷ ಬಾಯಿಪಾಠ ಮಾಡಿಸಿದ ದಿನವೇ ಮಕ್ಕಳಿಗೆ ಹೇಳಿ: ಅಜ್ಜಿಯ ಅವ್ವನ ಹೆಸರು ಕೇಳಿಕೊಂಡು ಬನ್ನಿ, ಅವಳು ಯಾರ ಹೊಲದಲ್ಲಿ ದುಡಿದಳು ಅಂತ ಕೇಳಿಕೊಂಡು ಬನ್ನಿ. "ಅದರಾಚೆ ಗೊತ್ತಿಲ್ಲ ಕನಪ್ಪ" ಅಂದರೆ ಆ ಮಾತನ್ನೂ ಬರೆದಿಡಿ. ಗೊತ್ತಿರುವ ಮುದುಕಿ ಇವತ್ತು ಜಗಲಿ ಮೇಲೆ ಕೂತಿದ್ದಾಳೆ. ಬರುವ ಸುಗ್ಗಿಗೆ ಇರುತ್ತಾಳೋ ಇಲ್ಲವೋ.