ನಡೆದು ಓದಬೇಕಾದ ಊರು

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರವಾಸದ ಮಾತು ಕೇಳಿಬರುತ್ತದೆ. ವೇಳಾಂಗಣಿ, ಗೋವೆ, ಊಟಿ, ಮೈಸೂರು ಎಂದು ಪಟ್ಟಿ ಬೆಳೆಯುತ್ತದೆ, ಬಸ್ಸು ಗೊತ್ತುಮಾಡಲಾಗುತ್ತದೆ. ದೂರದ ಸ್ಥಳಗಳನ್ನು ಕಾಣುವುದು ಒಳ್ಳೆಯದೇ. ಆದರೆ ಮಂಗಳೂರಿನಲ್ಲೇ ಹುಟ್ಟಿ ಬೆಳೆದವರನ್ನು, ಹಳೆ ಬಂದರಿನ ಬೀದಿಗಳಲ್ಲಿ ಎಂದಾದರೂ ಕೆಲಸವಿಲ್ಲದೆ ನಡೆದಿದ್ದೀರಾ, ಕದ್ರಿಯ ಕಂಚಿನ ವಿಗ್ರಹ ಯಾವ ಕಾಲದ್ದೆಂದು ಬಲ್ಲಿರಾ ಎಂದು ಕೇಳಿದರೆ ಮುಗುಳುನಗೆಯೇ ಉತ್ತರವಾಗುತ್ತದೆ. ನಮ್ಮ ಅಂಗಳವೇ ನಮಗೆ ಅಪರಿಚಿತವಾಗಿ ಉಳಿದುಬಿಟ್ಟಿದೆ.

ನಾನು ಜೆಪ್ಪುವಿನ ಗುರುಮಠದಲ್ಲಿ ಓದುತ್ತಿದ್ದಾಗ ವಾರಕ್ಕೊಂದು ಮಧ್ಯಾಹ್ನ ನಮ್ಮನ್ನು ದೀರ್ಘ ನಡಿಗೆಗೆ ಕಳುಹಿಸುತ್ತಿದ್ದರು. ಹಿಂದಿರುಗಿದ ಮೇಲೆ ಧರ್ಮಸಭೆಯ ಇತಿಹಾಸ ಕಲಿಸುತ್ತಿದ್ದ ವೃದ್ಧ ಗುರುಗಳೊಬ್ಬರು, "ಬ್ರದರ್, ಇವತ್ತು ಯಾವ ಹೆಸರನ್ನು ಓದಿದಿರಿ?" ಎಂದು ಕೇಳುತ್ತಿದ್ದರು. ಬೀದಿಯ ಹೆಸರು, ಸಮಾಧಿಯ ಮೇಲಿನ ಹೆಸರು, ಹೆಂಚಿನ ಮೇಲೆ ಒತ್ತಿದ ಹೆಸರು, ಯಾವುದಾದರೂ ಸರಿ. ಹೇಳಲಾಗದವನು ನಡೆದದ್ದು ಕಾಲಿಗಷ್ಟೇ ಉಪಯೋಗವಾಯಿತು ಎಂಬುದು ಅವರ ತೀರ್ಮಾನ. ಅಂದು ಅದು ತಮಾಷೆಯೆನಿಸುತ್ತಿತ್ತು. ಐವತ್ತು ದಾಟಿದ ಮೇಲೆ ಅದರ ಬೆಲೆ ತಿಳಿಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಯುವಜನರನ್ನು ಒಂದು ದಿನ ಊರು ನೋಡಲು ಕರೆದೊಯ್ದಿದ್ದೆ. ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಯ ಬಳಿ ಬಂದಾಗ ಒಬ್ಬ ತರುಣ ಮೆಟ್ಟಿಲ ಬಳಿಯೇ ನಿಂತುಬಿಟ್ಟ. "ಫಾದರ್, ನಮ್ಮ ಹಿರಿಯರನ್ನು ಎಳೆದುಕೊಂಡು ಹೋದವನು ಕಟ್ಟಿಸಿದ ಜಾಗಕ್ಕೆ ನಾವೇಕೆ ಹತ್ತಬೇಕು?" ಎಂದು ಕೊಂಕಣಿಯಲ್ಲಿ ಕೇಳಿದ. ನಾನು ಏನೋ ಹೇಳಿ ಜಾರಿಕೊಂಡೆ. ಅವನು ಹತ್ತಲಿಲ್ಲ. ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಹುಡುಕುತ್ತಿದ್ದೇನೆ. ನೀವೂ ನನ್ನೊಡನೆ ಒಂದು ದಿನ ನಡೆಯಿರಿ.

ಬೆಳಿಗ್ಗೆ ಜೆಪ್ಪುವಿನಿಂದ ಹೊರಡೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಿಗೆ ಹೇಳಿಮಾಡಿಸಿದಂತಿರುವುದನ್ನು ಕಂಡುಕೊಂಡರು. ಮಣ್ಣು ತರಲು ನದಿಯಿತ್ತು, ಸುಡಲು ಘಟ್ಟದ ಸೌದೆಯಿತ್ತು, ಸಾಗಿಸಲು ಬಂದರು ಇತ್ತು. ಒಂದಕ್ಕೊಂದು ಕೊಂಡಿಯಂತೆ ಸೇರುವ ಕೆಂಪು ಹೆಂಚು ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಬಂದಿತು. ಮಂಗಳೂರಿನ ಹೆಸರನ್ನು ಹೊತ್ತು ಕಡಲಾಚೆಗೂ ಹೋಯಿತು. ಬಹುಪಾಲು ಕಾರ್ಖಾನೆಗಳು ಈಗ ಮುಚ್ಚಿವೆ. ಆದರೆ ಹಳೆಯ ಮನೆಯೊಂದನ್ನು ಕೆಡವುವಾಗ ಒಂದು ಹೆಂಚನ್ನು ಮಗುಚಿ ನೋಡಿ. ಕಾರ್ಖಾನೆಯ ಹೆಸರು ಅದರ ಮೇಲಿರುತ್ತದೆ. ನಮ್ಮ ಎಷ್ಟೋ ಕಥೋಲಿಕ ಮನೆಗಳು ಜಪಸರ ಹೇಳಿದ್ದು ಪ್ರೊಟೆಸ್ಟಂಟ್ ಸಹೋದರರ ಹೆಂಚಿನ ನೆರಳಿನಲ್ಲಿ. ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಫರ್ಡಿನಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಈ ಮಾಸಿಕವನ್ನು ಕನ್ನಡದಲ್ಲಿ ಓದುತ್ತಿರುವ ನೀವು ಆ ಸಾಲವನ್ನು ನೆನೆಯದಿದ್ದರೆ ಹೇಗೆ?

ಜೆಪ್ಪುವಿನಿಂದ ಬೋಳಾರ ದೂರವಿಲ್ಲ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ಗುಡಿ ಅಲ್ಲಿದೆ. 2014ರ ನವೆಂಬರ್ 1ರಂದು ಸರಕಾರಿ ದಾಖಲೆಯಲ್ಲಿ 'ಮ್ಯಾಂಗಲೋರ್' ಹೋಗಿ 'ಮಂಗಳೂರು' ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ತುಳುವರಿಗೆ ಇದು ಎಂದಿನಿಂದಲೂ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಒಂದೇ ಊರನ್ನು ನಾಲ್ಕು ಹೆಸರಿನಿಂದ ಕರೆಯುವವರು ಒಂದೇ ಬಸ್ಸಿನಲ್ಲಿ ಕುಳಿತು ಹೋಗುತ್ತಾರೆ. ಯಾರೂ ತಪ್ಪು ಊರಿನಲ್ಲಿ ಇಳಿಯುವುದಿಲ್ಲ.

ಮುಂದೆ ರೊಜಾರಿಯೊ. ಜಪಸರ ಮಾತೆಯ ಈ ಪ್ರಧಾನಾಲಯದ ಮೂಲ 1568ಕ್ಕೆ ಹೋಗುತ್ತದೆ. ಅದು ಪೋರ್ಚುಗೀಸರ ಕಾಲ. ಅವರ ಹಡಗುಗಳಲ್ಲಿ ಗುರುಗಳೊಡನೆ ಫಿರಂಗಿಗಳೂ ಬಂದಿದ್ದವು. ನೇತ್ರಾವತಿಯ ಆಚೆ ಉಳ್ಳಾಲದ ರಾಣಿ ಅಬ್ಬಕ್ಕ ಅವರ ವಿರುದ್ಧ ಹೋರಾಡಿದಳು. ಇದನ್ನು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ. ನಮ್ಮ ವಿಶ್ವಾಸಕ್ಕೆ ನಾವು ಕೃತಜ್ಞರು. ಅದನ್ನು ಹೊತ್ತು ತಂದ ಹಡಗಿನ ಪಾಪಗಳನ್ನು ಸಮರ್ಥಿಸುವ ಹೊಣೆ ನಮ್ಮದಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಹಳೆ ಬಂದರು. ಮೆಣಸು, ಒಣಮೀನು, ಹಗ್ಗಗಳ ವಾಸನೆಯ ನಡುವೆ ನಡೆಯುವಾಗ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನನ್ನು ನೆನೆಯಿರಿ. ಟ್ಯುನಿಸಿಯದವನಾದ ಈತ ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಈ ಕರಾವಳಿಯಲ್ಲಿ ನೆಲೆಸಿ ವ್ಯಾಪಾರ ಮಾಡಿದ. ಅವನ ಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕಾಗದರಾಶಿಯಲ್ಲಿ ಸಿಕ್ಕವು. ಅವುಗಳಲ್ಲಿ ಬೊಮ್ಮ ಎಂಬ ನಮ್ಮ ಕಡೆಯ ಆಳಿನ ಹೆಸರೂ ಇದೆ. ಅದರ ಇನ್ನೂರು ವರ್ಷಗಳ ಅನಂತರ, 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಒಂದು ಸ್ವಾರಸ್ಯದ ಸಂಗತಿಯನ್ನು ಬರೆದಿಟ್ಟಿದ್ದಾನೆ. ಊರಿನ ಪಕ್ಕದಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರಿದ್ದರು. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು. ವರ್ತಕರು ಬೇಕಾಗಿದ್ದುದರಿಂದ ಅರಸನೇ ಇಬ್ಬರ ನಡುವೆ ರಾಜಿ ಮಾಡಿಸುತ್ತಿದ್ದನು. ಓದುಗರೇ, ಜಗಳವೂ ಹೊಸದಲ್ಲ, ರಾಜಿಯೂ ಹೊಸದಲ್ಲ. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನಮ್ಮ ಗುತ್ತಿನ ಮನೆಗಳ, ಗುಡಿಗಳ ಕೆತ್ತನೆಯನ್ನೇ ನೆನಪಿಸುತ್ತದೆ.

ಹಂಪನಕಟ್ಟೆಗೆ ಏರಿದರೆ ಮಿಲಾಗ್ರಿಸ್. 1680ರಲ್ಲಿ ಇದನ್ನು ಸ್ಥಾಪಿಸಿದವರು ಗೋವೆಯ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ. ಅವರಿಗೆ ಇಲ್ಲಿ ನೆಲವನ್ನು ದಾನವಾಗಿ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಪರಧರ್ಮದ ರಾಣಿಯೊಬ್ಬಳ ಔದಾರ್ಯದ ಮೇಲೆ ನಮ್ಮ ಒಂದು ಪ್ರಾಚೀನ ದೇವಾಲಯದ ಚರಿತ್ರೆ ನಿಂತಿದೆ. ಸಮೀಪದಲ್ಲೇ ಇರುವ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಉಂಡವರು ಅವರು. ಆ ಸಭಾಂಗಣದೊಳಗೆ ಎಷ್ಟು ಸಲ ಹೋಗಿದ್ದೀರಿ? ಹೊರಗಿನ ಹೆಸರನ್ನು ಓದಿದ್ದೀರಾ?

ಮಧ್ಯಾಹ್ನದ ಬಿಸಿಲಿಗೆ ಬಾವುಟಗುಡ್ಡದ ಟಾಗೋರ್ ಉದ್ಯಾನದ ನೆರಳು ಹಿತವಾಗಿರುತ್ತದೆ. 1837ರ ಏಪ್ರಿಲಿನಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತರು ಕಂಪೆನಿ ಸರಕಾರದ ವಿರುದ್ಧ ದಂಗೆಯೆದ್ದು ಈ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಹಾರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಬಳಿಕ ನೇಣು, ಗಡೀಪಾರು. 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು ಇರುವುದೂ ಅದೇ ಗುಡ್ಡದ ಮೇಲೆ. ಅದರ ಪ್ರಾರ್ಥನಾಲಯದ ಗೋಡೆ, ಛಾವಣಿಗಳ ಚಿತ್ರಗಳನ್ನು 1899ರಿಂದ 1901ರವರೆಗೆ ಬರೆದವರು ಇಟಲಿಯ ಬೆರ್ಗಮೊ ಸೀಮೆಯ ಸಹೋದರ ಆಂಟೋನಿಯೊ ಮೊಸ್ಕೇನಿ. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕಾದ ಕೆಲಸವದು. ನಮ್ಮ ಕರಾವಳಿಯ ಸೆಕೆಯಲ್ಲಿ, ಮಳೆಯಲ್ಲಿ ಅದನ್ನು ಮಾಡುವುದು ಎಂತಹ ತಪಸ್ಸಾಗಿರಬೇಕು! 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಇನ್ನು ಕಂಕನಾಡಿಯ ಕಡೆಗೆ ತಿರುಗಿದರೆ, 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡುವ ಪುಟ್ಟ ಚಿಕಿತ್ಸಾಲಯವನ್ನು ತೊಡಗಿದ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ನೆನಪಾಗುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದವರೂ ಅವರೇ.

ಅಲ್ಲಿಂದ ಕದ್ರಿ. ಉದ್ಯಾನದಲ್ಲಿ ಮಕ್ಕಳು ಆಡಿಕೊಂಡಿರಲಿ. ನೀವು ಮಂಜುನಾಥನ ಗುಡಿಯ ಲೋಕೇಶ್ವರನನ್ನು ನೆನೆಯಿರಿ. ಆಳುಪ ದೊರೆ ಕುಂದವರ್ಮನು 968ರಲ್ಲಿ ಸ್ಥಾಪಿಸಿದ ಕಂಚಿನ ವಿಗ್ರಹವದು. ಲೋಕೇಶ್ವರನೆಂಬುದು ಬೌದ್ಧರ ಹೆಸರು. ಅದನ್ನು ಸ್ಥಾಪಿಸಿದವನು ಶಿವಭಕ್ತ; ಗುಡ್ಡದ ಮೇಲೆ ಇಂದಿಗೂ ಇರುವುದು ನಾಥಪಂಥದ ಜೋಗಿಗಳ ಮಠ. ಒಂದು ಪರಂಪರೆ ಬಂದಾಗ ಹಿಂದಿನದನ್ನು ಕೆಡವಿ ಎಸೆಯದೆ ಒಳಗಿಟ್ಟುಕೊಂಡ ಉದಾಹರಣೆಯೂ ನಮ್ಮ ಊರಿನಲ್ಲಿದೆ.

ಈಗ ಸಂಜೆಯಾಯಿತು. ಬೋಳೂರಿಗೆ ಬಂದಿದ್ದೇವೆ. ಗುರುಪುರ ನದಿಯ ದಡದಲ್ಲಿ ಕರಿಕಲ್ಲಿನ ಕಾವಲುಗೋಪುರ; ಗೋಡೆಯಲ್ಲಿ ಫಿರಂಗಿಗಳಿಗಾಗಿ ಬಿಟ್ಟ ಕಿಂಡಿಗಳು; ನದಿಯಾಚೆ ತಣ್ಣೀರುಬಾವಿಯ ಗಾಳಿಮರಗಳು. ಶತ್ರುಗಳ ಯುದ್ಧನೌಕೆಗಳು ನದಿಯೊಳಗೆ ಬಾರದಂತೆ ಟಿಪ್ಪು ಸುಲ್ತಾನನು 1784ರಲ್ಲಿ ಇದನ್ನು ಕಟ್ಟಿಸಿದನು. ಅದೇ ವರ್ಷ ನಮ್ಮ ಜನಾಂಗದ ಅತ್ಯಂತ ನೋವಿನ ವರ್ಷವೂ ಹೌದು.

1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಬಳಿಕ 1784ರ ಜನವರಿಯಲ್ಲಿ ಕರ್ನಲ್ ಕ್ಯಾಂಪ್‌ಬೆಲ್ ಕೋಟೆಯನ್ನು ಒಪ್ಪಿಸಿದನು. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಸುಲ್ತಾನನ ಆರೋಪ. ಫೆಬ್ರವರಿಯಲ್ಲಿ, ನಮ್ಮ ಪರಂಪರೆ ಹೇಳುವಂತೆ ವಿಭೂತಿ ಬುಧವಾರದಂದು, ಕುಟುಂಬ ಕುಟುಂಬಗಳನ್ನೇ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಹೋದವರ ಸಂಖ್ಯೆಯನ್ನು ಇತಿಹಾಸಕಾರರು ಬೇರೆಬೇರೆಯಾಗಿ ಹೇಳುತ್ತಾರೆ. ಹತ್ತಾರು ಸಾವಿರವೆಂಬುದರಲ್ಲಿ ಸಂಶಯವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಮಿಲಾಗ್ರಿಸ್ ಸಹಿತ ದೇವಾಲಯಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಮಡಿದ ಬಳಿಕವೇ ಉಳಿದವರು ಹಿಂದಿರುಗಿದರು. ಇದನ್ನು ಮರೆಯಿರಿ ಎಂದು ಯಾರಿಗೂ ಹೇಳಲಾರೆ. ಸತ್ತವರಿಗೆ ನಾವು ಸಲ್ಲಿಸಬೇಕಾದ ಮೊದಲ ಋಣ ಸ್ಮರಣೆಯೇ.

ಆದರೆ ಸ್ಮರಣೆ ಪೂರ್ತಿಯಾಗಿರಬೇಕು. ನೇತ್ರಾವತಿಯ ಗುಂಟ ಸ್ವಲ್ಪ ದೂರ ಹೋದರೆ ಫರಂಗಿಪೇಟೆ ಸಿಗುತ್ತದೆ; ಅಲ್ಲಿನ ಗುಡ್ಡದ ಮೇಲೆ ಮೊಂತೆ ಮರಿಯಾನೊ. ಇನ್ನೊಂದು ದಿನವನ್ನು ಅದಕ್ಕೆಂದೇ ಮೀಸಲಿಡಿ. ಅಲ್ಲಿದ್ದ ಗೋವೆಯ ಗುರು ಜೋಕಿಮ್ ಮಿರಾಂದ ಅವರು ಹೈದರಾಲಿಯ ಸ್ನೇಹಿತರಾಗಿದ್ದರು. ಆ ಸ್ನೇಹದ ಕಾರಣದಿಂದಲೇ ಟಿಪ್ಪು ಅವರನ್ನು ಕೊಲ್ಲದೆ ಗಡೀಪಾರು ಮಾಡಿದನು. ಆ ಮಠವೂ ಉಳಿಯಿತು. ಇದೇ ಟಿಪ್ಪು 1791ರಲ್ಲಿ ಮರಾಠರ ಪಡೆಯವರು ಶೃಂಗೇರಿ ಮಠವನ್ನು ದೋಚಿದಾಗ ಅದಕ್ಕೆ ನೆರವು ಕಳುಹಿಸಿದನು. ಈ ಸಂಗತಿಗಳು ನಮ್ಮವರ ಕಣ್ಣೀರನ್ನು ಒರೆಸುವುದಿಲ್ಲ. ಆದರೆ ಒಬ್ಬ ಅರಸನ ಕೃತ್ಯವನ್ನು ಒಂದು ಧರ್ಮದ ಲೆಕ್ಕಕ್ಕೆ ಬರೆಯದಂತೆ ನಮ್ಮ ಕೈಯನ್ನು ತಡೆಯುತ್ತವೆ.

ಆ ಊರಿನ ಹೆಸರನ್ನೇ ಗಮನಿಸಿ. ಫರಂಗಿ ಎಂದರೆ ಪರದೇಶಿ. ಇಂದಿಗೂ ಕೆಲವರು ನಮ್ಮನ್ನು ಹಾಗೆಯೇ ಕಾಣುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಈ ನಗರದ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ, ಪೋರ್ಚುಗೀಸರು ಮಾಡಿದ್ದಕ್ಕೆ ನಾವು ಹೊಣೆಯಲ್ಲವೆಂದು ನಾವು ನೊಂದು ನುಡಿದೆವು. ನ್ಯಾಯವಾದ ಮಾತು. ಹಾಗಾದರೆ ಬತ್ತೇರಿಯ ಕೆಳಗೆ ದೋಣಿ ನಡೆಸುವ, ಗಾಳ ಹಾಕುವ, ಕಡಲೆ ಮಾರುವ ಮುಸಲ್ಮಾನ ಸಹೋದರನು 1784ಕ್ಕೆ ಹೊಣೆಯೇ? ನಮಗಾಗಿ ನಾವು ಕೇಳುವ ನ್ಯಾಯವನ್ನು ನೆರೆಯವನಿಗೆ ಕೊಡದಿದ್ದರೆ ನಮ್ಮ ಪ್ರಾರ್ಥನೆಗೆ ಅರ್ಥವೇನು?

ಆದ್ದರಿಂದ ಆ ತರುಣನಿಗೆ ಈಗ ಹೇಳುತ್ತೇನೆ: ಮಗೂ, ಹತ್ತು. ಮೇಲೆ ನಿಂತು ಸೆರೆಹೋದವರಿಗಾಗಿ ಒಂದು ಪರಲೋಕ ಮಂತ್ರ ಹೇಳು. ಕೆಳಗಿಳಿದು ಆ ದೋಣಿಯವನ ಹೆಸರು ಕೇಳು, ನಿನ್ನ ಹೆಸರನ್ನೂ ಹೇಳು. ಎಮ್ಮಾವುಸಿನ ದಾರಿಯಲ್ಲಿ ದುಃಖದಿಂದ ನಡೆಯುತ್ತಿದ್ದ ಶಿಷ್ಯರಿಗೆ ನಡೆದುಹೋದ ಸಂಗತಿಗಳ ಅರ್ಥ ತಿಳಿದದ್ದು, ಅಪರಿಚಿತನೊಬ್ಬನನ್ನು ಜೊತೆಗೆ ಸೇರಿಸಿಕೊಂಡಾಗ.

ಪ್ರಿಯ ಓದುಗರೇ, ಈ ರಜೆಯಲ್ಲಿ ಒಂದು ದಿನವನ್ನು ಇದಕ್ಕಾಗಿ ಕೊಡಿ. ಬಿಸಿಲೇರುವ ಮೊದಲೇ ಹೊರಡಿ. ಕುಡಿಯುವ ನೀರಿರಲಿ, ಮಕ್ಕಳೂ ಅಜ್ಜ ಅಜ್ಜಿಯರೂ ಜೊತೆಗಿರಲಿ. ದೂರವಾದ ಕಡೆ ಸಿಟಿ ಬಸ್ಸಿದೆ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಗುರುಗಳು ಕೇಳುತ್ತಿದ್ದ ಪ್ರಶ್ನೆಯನ್ನೇ ನಿಮ್ಮ ಮಕ್ಕಳಿಗೆ ಕೇಳಿ: ಇವತ್ತು ಯಾವ ಹೆಸರನ್ನು ಓದಿದಿರಿ?