ಡ್ರೈಯರ್ ಸದ್ದು ಮಾಡ್ತಿದೆ ಅಂದ್ರೆ ಅದರ ಆಯಸ್ಸು ಮುಗೀತು ಅಂತಲ್ಲ

1/6

ಬಟ್ಟೆ ಒಣಗಿಸೋ ಯಂತ್ರದ ಬಾಗಿಲಿಗೆ ಗಾಜಿನ ಕಿಟಕಿ ಇಡಿಸಿದವರು ಒಬ್ಬರು. "ಇರೋದು ಸಾಕು, ಹೊಸದು ತಗೊಳ್ಳೋಣ" ಅನ್ನೋ ಆಸೆಯನ್ನೇ ವ್ಯಾಪಾರದ ತತ್ವ ಮಾಡಿ ಸಾರಿದವರು ಇನ್ನೊಬ್ಬರು. ಗಮ್ಮತ್ತೇನು ಗೊತ್ತಾ? ಇಬ್ಬರೂ ಒಬ್ಬರೇ! ಹೆಸರು ಬ್ರೂಕ್ಸ್ ಸ್ಟೀವನ್ಸ್. ಈ ಸಲದ ಸರಣಿ ಅವರ ಬಗ್ಗೆ, ಆ ಯಂತ್ರದ ಬಗ್ಗೆ, ಆಮೇಲೆ ಅದು ಧಡಧಡ ಅಂದಾಗ ಏನು ಮಾಡಬಹುದು ಅನ್ನೋದರ ಬಗ್ಗೆ.

ಮೊದಲೇ ಒಂದು ಮಾತು. ನಮ್ಮ ಮನೆಗಳಲ್ಲಿ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್‌ನ ಎರಡನೇ ಟಬ್‌ಗೆ "ಡ್ರೈಯರ್" ಅಂತೀವಿ. ಅದು ಒಣಗಿಸಲ್ಲ, ಜೋರಾಗಿ ತಿರುಗಿಸಿ ನೀರು ಹಿಂಡುತ್ತೆ ಅಷ್ಟೇ. ಇಲ್ಲಿ ಹೇಳ್ತಿರೋದು ಬಿಸಿಗಾಳಿಯಲ್ಲಿ ಬಟ್ಟೆಯನ್ನ ಹೊರಳಾಡಿಸಿ ಒಣಗಿಸೋ ಟಂಬಲ್ ಡ್ರೈಯರ್ ಬಗ್ಗೆ. ಅಮೆರಿಕ, ಇಂಗ್ಲೆಂಡ್‌ಗೆ ಓದೋಕೆ ಹೋದ ನಮ್ಮ ಸೀನಿಯರ್‌ಗಳಿಗೆ ಇದು ದಿನದ ಸಂಗಾತಿ.

2/6

1800ರ ಆಸುಪಾಸಿನಲ್ಲಿ ಫ್ರಾನ್ಸಿನ ಪೋಶೋಂ ಎಂಬವರು ತೂತು ತೂತಾದ ಲೋಹದ ಪೀಪಾಯಿ ಒಂದನ್ನ ಮಾಡಿದ್ರು. ಒಳಗೆ ಒದ್ದೆ ಬಟ್ಟೆ, ಕೆಳಗೆ ಬೆಂಕಿ, ಪಕ್ಕದಲ್ಲಿ ತಿರುಗಿಸೋಕೆ ಹಿಡಿಕೆ. ಬಟ್ಟೆಗೆ ಹೊಗೆ ವಾಸನೆ ಹಿಡಿಯೋದು, ಒಮ್ಮೊಮ್ಮೆ ಮಸಿಯೂ. ಆದರೆ "ತಿರುಗೋ ಡ್ರಮ್" ಅನ್ನೋ ಐಡಿಯಾ ಅಲ್ಲೇ ಹುಟ್ಟಿತ್ತು.

1892ರ ಜೂನ್ 7ರಂದು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಜಾರ್ಜ್ ಟಿ. ಸ್ಯಾಂಪ್ಸನ್ ಎಂಬ ಕಪ್ಪು ಜನಾಂಗದ ಸಂಶೋಧಕರಿಗೆ ಬಟ್ಟೆ ಒಣಗಿಸೋ ಸಾಧನಕ್ಕೆ ಪೇಟೆಂಟ್ ಸಿಕ್ಕಿತು. ಅವರೇ ಇವತ್ತಿನ ಡ್ರೈಯರ್ ಕಂಡುಹಿಡಿದದ್ದು ಅಂತ ಹಲವು ಪೋಸ್ಟ್‌ಗಳಲ್ಲಿ ಓದಿರ್ತೀರಿ. ಪೇಟೆಂಟ್‌ನಲ್ಲಿ ಡ್ರಮ್ಮೂ ಇಲ್ಲ, ಮೋಟಾರೂ ಇಲ್ಲ. ಒಲೆಯ ಕಾವಿಗೆ ಬಟ್ಟೆ ಹರವೋ ಚೌಕಟ್ಟು ಅದು, ಬೇಡ ಅಂದಾಗ ತೆಗೆದಿಡಬಹುದು. ಮಳೆಗಾಲದಲ್ಲಿ ನಮ್ಮ ಮಲೆನಾಡಿನವರು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ ಯೋಚನೆ. ಹೀಗೆ ಹೇಳಿದ್ರೆ ಸ್ಯಾಂಪ್ಸನ್ ಅವರ ಕೆಲಸ ಸಣ್ಣದಾಗಲ್ಲ, ಅವರು ನಿಜಕ್ಕೂ ಏನು ಮಾಡಿದ್ರು ಅನ್ನೋದು ಗೊತ್ತಾಗುತ್ತೆ.

3/6

ಈಗ ನಾರ್ತ್ ಡಕೋಟಾ. ಚಳಿಗಾಲದಲ್ಲಿ ಹೊರಗೆ ಹಾಕಿದ ಬಟ್ಟೆ ಹಲಗೆ ಥರ ಸೆಟೆದು ನಿಲ್ಲೋ ಊರು. ಅಲ್ಲಿನ ಜೆ. ರಾಸ್ ಮೂರ್ ಎಂಬವರು ಬೇಸತ್ತು, ಒಂದು ಶೆಡ್ ಕಟ್ಟಿ, ಒಳಗೆ ಒಲೆ ಇಟ್ಟು ಬಟ್ಟೆ ನೇತುಹಾಕಿದ್ರು. ಅಲ್ಲಿಂದ ಶುರುವಾದ ಪ್ರಯೋಗ ವರ್ಷಾನುಗಟ್ಟಲೆ ನಡೆದು ತಿರುಗೋ ಡ್ರಮ್‌ಗೆ ಬಂದು ನಿಂತಿತು. ಕೊನೆಗೆ ಅದನ್ನ ಮಾರುಕಟ್ಟೆಗೆ ತಂದದ್ದು ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಿನ ಹ್ಯಾಮಿಲ್ಟನ್ ಕಂಪನಿ. ಮುದ್ರಣಕ್ಕೆ ಬೇಕಾದ ಮರದ ಅಚ್ಚಕ್ಷರ ಮಾಡಿ ಹೆಸರಾದ ಕಂಪನಿ ಅದು!

1938ರಲ್ಲಿ ಬಂದ ಆ ಡ್ರೈಯರ್ ಹೆಸರು "ಜೂನ್ ಡೇ". ನಮಗೆ ಜೂನ್ ಅಂದ್ರೆ ಮುಂಗಾರು, ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರೋ ತಿಂಗಳು. ಅವರಿಗೆ ಜೂನ್ ಅಂದ್ರೆ ಹಿತವಾದ ಬಿಸಿಲು.

ಇಲ್ಲಿ ನಮ್ಮ ಸ್ಟೀವನ್ಸ್ ಬರ್ತಾರೆ. ಮಿಲ್ವಾಕಿಯ ಡಿಸೈನರ್. ಮೊದಲ ಮಾದರಿ ಬರೀ ತಗಡಿನ ಪೆಟ್ಟಿಗೆ ಥರ ಇತ್ತು. ಇದು ಏನು ಮಾಡುತ್ತೆ ಅಂತಲೇ ಜನಕ್ಕೆ ಗೊತ್ತಾಗಲ್ಲ, ಬಾಗಿಲಿಗೆ ಗಾಜು ಹಾಕಿ, ಅಂಗಡಿಯಲ್ಲಿ ಬಣ್ಣಬಣ್ಣದ ಚಡ್ಡಿ ಒಳಗೆ ಹಾಕಿ ತಿರುಗಿಸಿ ತೋರಿಸಿ ಅಂದ್ರು. 1942ರಲ್ಲಿ ಯುದ್ಧಕ್ಕಾಗಿ ಅಮೆರಿಕದಲ್ಲಿ ಇಂಥ ಯಂತ್ರಗಳ ತಯಾರಿಕೆ ನಿಂತಿತು. ಯುದ್ಧ ಮುಗಿದ ಮೇಲೆ ಡ್ರೈಯರ್ ಮನೆಮನೆಗೆ ಹೋಯಿತು.

4/6

1954ರಲ್ಲಿ ಇದೇ ಸ್ಟೀವನ್ಸ್ ಮಿನಿಯಾಪೊಲಿಸ್‌ನಲ್ಲಿ ಭಾಷಣ ಮಾಡೋಕೆ ಹೋದ್ರು. ವಿಷಯ: "ಪ್ಲಾನ್ಡ್ ಆಬ್ಸೊಲೆಸೆನ್ಸ್". ಅಂದ್ರೆ, ಯೋಜನೆ ಹಾಕಿ ಹಳತಾಗಿಸೋದು. ಪದ ಅವರದ್ದಲ್ಲ, 1932ರಲ್ಲೇ ಬರ್ನಾರ್ಡ್ ಲಂಡನ್ ಎಂಬವರು ಬಳಸಿದ್ರು. ಅದನ್ನ ಜನಪ್ರಿಯ ಮಾಡಿದ್ದು ಸ್ಟೀವನ್ಸ್. ಬೇಗ ಕೆಡೋ ಥರ ಮಾಡಿ ಅಂತ ಅವರು ಹೇಳಲಿಲ್ಲ. ಗಿರಾಕಿಗೆ ಅಗತ್ಯ ಬರೋ ಮುಂಚೆಯೇ ಇನ್ನೂ ಹೊಸದು ಬೇಕು ಅನ್ನಿಸಬೇಕು ಅನ್ನೋದು ಅವರ ವಾದ.

ಅಲ್ಲಿಗೆ ನೋಡಿ: ಯಂತ್ರ ಒಂದು "ಕೀಚ್" ಅಂದ ಕೂಡಲೇ "ಹಳೇದಾಯ್ತು, ಬಿಡಿ" ಅನ್ಸುತ್ತಲ್ಲ, ಆ ಅನಿಸಿಕೆಗೂ ಒಂದು ಇತಿಹಾಸ ಇದೆ. ಆದರೆ ಯಂತ್ರದ ಒಳಗೆ ಹೋದ್ರೆ ಕಥೆ ಬೇರೆ.

5/6

ಹಿಟ್ಟಿನ ಗಿರಣಿಯ ಬೆಲ್ಟ್ ನೋಡಿದ್ದೀರಲ್ಲ? ಡ್ರೈಯರ್ ಅಷ್ಟೇ ಸರಳ. ಸಾಮಾನ್ಯ ಅಮೆರಿಕನ್ ಡ್ರೈಯರ್‌ನಲ್ಲಿ ಒಂದು ಮೋಟಾರು, ನಿಮಿಷಕ್ಕೆ ಸುಮಾರು 1,725 ಸುತ್ತು. ಉದ್ದನೆಯ ತೆಳು ಬೆಲ್ಟ್ ಇಡೀ ಡ್ರಮ್ಮನ್ನ ಬಳಸಿ ಬರುತ್ತೆ. ಡ್ರಮ್ಮೇ ದೊಡ್ಡ ಚಕ್ರ, ಅದು ತಿರುಗೋದು ನಿಮಿಷಕ್ಕೆ 50ರ ಹತ್ತಿರ. ಬೆಲ್ಟ್ ಬಿಗಿ ಇಡೋಕೆ ಐಡ್ಲರ್ ಅನ್ನೋ ಪುಟ್ಟ ಗಾಲಿ. ಡ್ರಮ್ ಕೂರೋಕೆ ಕೆಳಗೆ ರೋಲರ್‌ಗಳು. ಗಾಳಿ ಎಳೆಯೋಕೆ ಬ್ಲೋವರ್. ಗೇರ್‌ಬಾಕ್ಸ್ ಇಲ್ಲ. ಅದಕ್ಕೇ ಸದ್ದು ಕೇಳಿಯೇ ರೋಗ ಹೇಳಬಹುದು:

🔸 ಮೋಟಾರು ಗುಂಯ್ ಅಂತಿದೆ, ಡ್ರಮ್ ತಿರುಗ್ತಿಲ್ಲ: ಪ್ಲಗ್ ಕಿತ್ತು ಕೈಯಲ್ಲಿ ಡ್ರಮ್ ತಿರುಗಿಸಿ. ಹಿಡಿತವೇ ಇಲ್ಲದೆ ಹಗುರಾಗಿ ತಿರುಗಿದ್ರೆ ಬೆಲ್ಟ್ ಕಡಿದಿದೆ. ಕೆಲವು ಮಾದರಿಗಳಲ್ಲಿ ಬೆಲ್ಟ್ ಕಡಿದ್ರೆ ಮೋಟಾರೇ ಶುರುವಾಗದಂತೆ ಸ್ವಿಚ್ ಇರುತ್ತೆ. ಡ್ರಮ್ ಬಿಗಿಯಾಗಿ ಹಿಡಿದಿದ್ರೆ ರೋಲರ್ ನೋಡಿ. ಬೆಲ್ಟ್, ರೋಲರ್ ಎರಡೂ ಸರಿಯಿದ್ರೆ ಮೋಟಾರಿನ ತೊಂದರೆ, ಅದನ್ನ ಮೆಕ್ಯಾನಿಕ್‌ಗೆ ಬಿಡಿ.

🔸 ಶುರುವಿನಲ್ಲಿ ಧಡ್ ಧಡ್, ಬಿಸಿಯಾದಂತೆ ಕಮ್ಮಿ: ನಿಂತಲ್ಲೇ ನಿಂತು ರೋಲರ್‌ನ ರಬ್ಬರು ಒಂದು ಕಡೆ ಚಪ್ಪಟೆಯಾಗಿದೆ.

🔸 ಕೀಚ್ ಕೀಚ್: ಐಡ್ಲರ್ ಅಥವಾ ರೋಲರ್ ಸವೆದಿದೆ. ಸಿಕ್ಕ ಎಣ್ಣೆ ಬಿಡೋಕೆ ಹೋಗ್ಬೇಡಿ. ಎಣ್ಣೆಗೆ ಜುಂಗು ಅಂಟುತ್ತೆ. ಭಾಗವನ್ನೇ ಬದಲಿಸಿ.

🔸 ಲೋಹ ಉಜ್ಜಿದಂತೆ ಕರ್‌ರ್: ಡ್ರಮ್‌ನ ಮುಂದಿನ ಅಂಚಿಗೆ ಇರೋ ಜಾರುಪಟ್ಟಿ ಸವೆದಿರಬಹುದು, ಇಲ್ಲಾ ಜೇಬಿನಿಂದ ಬಿದ್ದ ನಾಣ್ಯ ಸಂದಿಯಲ್ಲಿ ಸಿಕ್ಕಿರಬಹುದು.

ಬಿಚ್ಚೋ ಮುಂಚೆ ಪ್ಲಗ್ ಕೀಳಲೇಬೇಕು. ಅಮೆರಿಕದಲ್ಲಿ ಮನೆಯ ಉಳಿದ ಸಾಕೆಟ್‌ಗಳು 120 ವೋಲ್ಟ್ ಆದರೂ ಕರೆಂಟ್ ಡ್ರೈಯರ್‌ನದ್ದು 240 ವೋಲ್ಟ್. ಗ್ಯಾಸ್ ಡ್ರೈಯರ್ ಆದ್ರೆ ಗ್ಯಾಸೂ ಬಂದ್ ಮಾಡಿ, ಪೈಪಿನ ತಂಟೆಗೆ ಹೋಗ್ಬೇಡಿ. ಬೆಲ್ಟ್ ತೆಗೆಯೋ ಮುಂಚೆ ಅದು ಹೇಗೆ ಸುತ್ತಿದೆ ಅಂತ ಫೋಟೋ ತೆಗೆದಿಡಿ (ಇಲ್ಲಿ ಹಾಕೋಕೂ ಆಗುತ್ತೆ 😄). ಮಾದರಿ ಸಂಖ್ಯೆ ಬಾಗಿಲಿನ ಅಂಚಲ್ಲಿ ಇರುತ್ತೆ, ಅದಕ್ಕೆ ಹೊಂದೋ ಬೆಲ್ಟೇ ತರಿಸಿ. ರೋಲರ್ ಬದಲಿಸೋದಾದ್ರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಮುಚ್ಚೋ ಮುಂಚೆ ಡ್ರಮ್ಮನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಬಾಡಿಗೆ ಮನೆಯ ಯಂತ್ರ ಆದ್ರೆ ಬಿಚ್ಚಬೇಡಿ, ಮಾಲೀಕರಿಗೆ ಹೇಳಿ.

6/6

ಸದ್ದೇ ಮಾಡದ ಶತ್ರು ಒಂದಿದೆ: ಬಟ್ಟೆಯ ಜುಂಗು, ಲಿಂಟ್ ಅಂತಾರೆ. ಅಮೆರಿಕದ ಅಗ್ನಿಶಾಮಕ ಆಡಳಿತದ 2008ರಿಂದ 2010ರ ಲೆಕ್ಕದಲ್ಲಿ, ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳು ಡ್ರೈಯರ್‌ನಿಂದ. ಮೊದಲ ಕಾರಣ, ಸ್ವಚ್ಛ ಮಾಡದೇ ಇರೋದು. ಹಾಗಂತ ಎಲ್ಲಾ ತಪ್ಪೂ ಬಳಸೋರದ್ದೇ ಅಲ್ಲ. 2016ರ ಆಗಸ್ಟ್‌ನಲ್ಲಿ ಲಂಡನ್ನಿನ 18 ಅಂತಸ್ತಿನ ಶೆಫರ್ಡ್ಸ್ ಕೋರ್ಟ್ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ದೋಷ ಇದ್ದ ಡ್ರೈಯರ್‌ನಿಂದ. 2019ರಲ್ಲಿ ಬ್ರಿಟನ್‌ನಲ್ಲಿ ಲಕ್ಷಾಂತರ ಡ್ರೈಯರ್‌ಗಳನ್ನ ವಾಪಸ್ ಕರೆಸಬೇಕಾಯಿತು. ಸುಟ್ಟ ವಾಸನೆ ಬಂದ್ರೆ ರಿಪೇರಿ ಮಾತು ಆಮೇಲೆ, ಮೊದಲು ಆಫ್ ಮಾಡಿ. ಪ್ರತಿ ಸಲ ಜಾಲರಿ ಬಿಡಿಸಿ ಜುಂಗು ತೆಗೆಯಿರಿ, ಹೊರಗಾಳಿ ಕೊಳವೆಯನ್ನೂ ಆಗಾಗ ನೋಡಿ. ಬಟ್ಟೆ ಒಣಗೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡೀತಿದ್ರೆ ಅದೇ ಮುನ್ಸೂಚನೆ.

2024ರಲ್ಲಿ ಐರೋಪ್ಯ ಒಕ್ಕೂಟ ರಿಪೇರಿ ಹಕ್ಕಿನ ಕಾನೂನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿರೋ ವಸ್ತುಗಳಿಗೆ ತಯಾರಕರು ಸಮಂಜಸ ಬೆಲೆಗೆ ರಿಪೇರಿ ಒದಗಿಸಬೇಕು. ಮನೆಬಳಕೆಯ ಟಂಬಲ್ ಡ್ರೈಯರ್ ಆ ಪಟ್ಟಿಯಲ್ಲಿದೆ. ಸ್ಟೀವನ್ಸ್ ಭಾಷಣ ಆಗಿ 70 ವರ್ಷಕ್ಕೆ ಬಂದ ಉತ್ತರ ಅನ್ನಬಹುದು.

ಅವರು ಇಡಿಸಿದ ಗಾಜಿನ ಕಿಟಕಿಯಲ್ಲಿ ಕಾಣೋದು ತಿರುಗೋ ಬಟ್ಟೆ ಮಾತ್ರ. ಬೆಲ್ಟು, ರೋಲರು ಕಾಣಲ್ಲ. ಅವು ಕಾಣದೇ ಇರೋದರಿಂದಲೇ, ಒಂದು ಬೆಲ್ಟ್ ಕಡಿದದ್ದಕ್ಕೆ ಇಡೀ ಯಂತ್ರವೇ ಹೋಯ್ತು ಅಂತ ನಂಬಿಬಿಡ್ತೀವಿ. ಎಸೆಯೋ ಮುಂಚೆ ಒಂದ್ಸಲ ಕಿವಿಗೊಟ್ಟು ಕೇಳಿ.

ನಿಮ್ಮನೆಯಲ್ಲಿ ರಿಪೇರಿ ಆಗಿ ಆಗಿ ಇನ್ನೂ ಓಡ್ತಿರೋ ಹಳೇ ಯಂತ್ರ ಯಾವುದು? ಮಿಕ್ಸಿನಾ, ಫ್ಯಾನಾ, ಗ್ರೈಂಡರಾ? ಕಾಮೆಂಟ್‌ನಲ್ಲಿ ಹಾಕಿ. ವಿದೇಶದಲ್ಲಿರೋ ಫ್ರೆಂಡ್‌ಗೆ ಐದನೇ ಭಾಗ ಕಳಿಸೋದು ಮರೀಬೇಡಿ.

#ವಸ್ತುಗಳಇತಿಹಾಸ #ರಿಪೇರಿಮಾಡೋಣ #ಕನ್ನಡದಲ್ಲಿಇತಿಹಾಸ