ಪಥ್ಯವೇ ಮದ್ದಾಗಿದ್ದ ಕಾಲ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಕ್ಕರೆ ಕಾಯಿಲೆಯ ಮಾತು ಬಂದರಂತೂ ಈ ಗಾದೆ ತಾನಾಗಿಯೇ ನಾಲಿಗೆಯ ಮೇಲೆ ಬರುತ್ತದೆ. ಅನ್ನ ಬಿಡಿ, ಮುದ್ದೆ ತಿನ್ನಿ, ಬೆಳಿಗ್ಗೆ ಎದ್ದು ನಡೆಯಿರಿ ಎಂಬ ಉಪದೇಶ ವೈದ್ಯರಿಂದಲೂ ಬರುತ್ತದೆ, ನೆರೆಮನೆಯವರಿಂದಲೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೀಗಿರುವಾಗ ಈ ಉಪದೇಶ ಎಲ್ಲಿಂದ ಬಂತು, ಯಾರಿಗೆ ಎಷ್ಟು ನಿಜ ಎಂದು ತಿಳಿಯುವುದು ಬರಿಯ ಕುತೂಹಲದ ವಿಷಯವಲ್ಲ.

ಪಥ್ಯದ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಇದು: ಒಂದೇ ಉಪದೇಶ ಒಬ್ಬ ರೋಗಿಗೆ ಮದ್ದಾಯಿತು, ಇನ್ನೊಬ್ಬನಿಗೆ ಬರಿಯ ಹಸಿವಾಯಿತು. ಈ ಇಬ್ಬರನ್ನೂ ಖಚಿತವಾಗಿ ಬೇರೆ ಮಾಡಿ ನೋಡುವುದಕ್ಕೆ ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು.

ಬಾವಿ ತೋಡು, ದನ ಕಾಯಿ

ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಈ ಗುಂಪಿನ ರೋಗಗಳಿಗೆ ಪ್ರಮೇಹವೆಂದು ಹೆಸರು. ಅದರಲ್ಲಿ ಇಪ್ಪತ್ತು ಬಗೆ. ಅವುಗಳಲ್ಲಿ ಒಂದು ಮಧುಮೇಹ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆ ಕಾಲದ ವೈದ್ಯರು ಗಮನಿಸಿದ್ದರು. ಸುಖವಾಗಿ ಕೂತೇ ಇರುವುದು, ಅತಿಯಾದ ನಿದ್ದೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವನ್ನೆಲ್ಲ ಚರಕ ಸಂಹಿತೆ ರೋಗದ ಕಾರಣಗಳಾಗಿ ಎಣಿಸುತ್ತದೆ.

ಸುಶ್ರುತ ಸಂಹಿತೆಯ ಚಿಕಿತ್ಸೆ ಇನ್ನೂ ಸ್ವಾರಸ್ಯವಾಗಿದೆ. ರೋಗಿ ಬಡವನಾಗಿದ್ದರೆ ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷೆಯೆತ್ತಿ ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಯೋಜನದ ಅಳತೆ ಕಾಲಕಾಲಕ್ಕೆ ಬದಲಾಗಿದೆ. ಹೇಗೆ ಲೆಕ್ಕ ಹಾಕಿದರೂ ಅದು ನೂರಾರು ಮೈಲಿಯ ದಾರಿ. ಧನಿಕನಾಗಿದ್ದರೆ ಕಾಡು ಧಾನ್ಯ, ನೆಲ್ಲಿಕಾಯಿ, ಬೇಲದ ಹಣ್ಣು ತಿಂದುಕೊಂಡು ಜಿಂಕೆಗಳ ನಡುವೆ ಇರಬೇಕು. ಉಳಿದವರು ದನದ ಹಿಂದೆ ತಿರುಗಬೇಕು, ನೆಲ ಉಳಬೇಕು, ಇಲ್ಲವೇ ಬಾವಿ ತೋಡಬೇಕು. ಊಟಕ್ಕೆ ಹೊಸ ಅಕ್ಕಿಯಲ್ಲ, ಹಳೆಯ ಅಕ್ಕಿ, ಜವೆಗೋಧಿ, ಹಾರಕ, ಜತೆಗೆ ಹುರುಳಿ, ಹೆಸರು, ಕಡಲೆ.

ಎಲ್ಲರಿಗೂ ಇದೇ ಚಿಕಿತ್ಸೆ ಎಂದು ಮಾತ್ರ ಆ ಗ್ರಂಥಗಳು ಹೇಳಲಿಲ್ಲ. ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು ಎಂದು ಸುಶ್ರುತ ಸಂಹಿತೆ ರೋಗವನ್ನು ವಿಂಗಡಿಸಿತು. ಮೊದಲನೆಯ ಬಗೆಯ ರೋಗಿ ಬಡಕಲು, ಬಾಯಾರಿಕೆಯಿಂದ ಬಳಲುವವನು. ಎರಡನೆಯವನು ಸ್ಥೂಲಕಾಯದವನು, ಹೆಚ್ಚು ತಿನ್ನುವವನು. ಬಡಕಲು ರೋಗಿಗೆ ಪುಷ್ಟಿ ಕೊಡಬೇಕು, ದಪ್ಪ ಮೈಯ ಬಲಶಾಲಿಗೆ ಶೋಧನ ಮಾಡಬೇಕು ಎಂದಿತು ಚರಕ ಸಂಹಿತೆ. ಇಂದಿನ ವೈದ್ಯರು ಹೇಳುವ ಟೈಪ್ 1, ಟೈಪ್ 2 ಎಂಬ ವಿಂಗಡಣೆ ಆಗಲೇ ಇತ್ತೆಂದು ಬೀಗಬೇಕಾಗಿಲ್ಲ. ಇನ್ಸುಲಿನ್ ಆಗಲಿ, ಅದು ಹುಟ್ಟುವ ಗ್ರಂಥಿಯ ಕೆಲಸವಾಗಲಿ ಅವರಿಗೆ ತಿಳಿದಿರಲಿಲ್ಲ. ಆದರೆ ರೋಗಿಯ ಮೈಯನ್ನು ನೋಡಿ ಪಥ್ಯ ಹೇಳಬೇಕೆಂಬ ಎಚ್ಚರ ಅವರಿಗಿತ್ತು. ಮುಂದೆ ಯುರೋಪಿನ ವೈದ್ಯರು ಇದೇ ಸಮಸ್ಯೆಯನ್ನು ತಮ್ಮದೇ ದಾರಿಯಲ್ಲಿ ಎದುರಿಸಬೇಕಾಯಿತು.

ಮಾಂಸದ ಪಥ್ಯ, ಮುತ್ತಿಗೆಯ ಪಾಠ

ಕ್ರಿ.ಶ. ಎರಡನೆಯ ಶತಮಾನದ ಸುಮಾರಿಗೆ, ಇಂದಿನ ತುರ್ಕಿಗೆ ಸೇರಿದ ಕಪ್ಪಡೋಷಿಯದ ಅರೆಟಿಯಸ್ ಎಂಬ ಗ್ರೀಕ್ ವೈದ್ಯ ರೋಗಿಯ ಮೈಮಾಂಸವೇ ಕರಗಿ ಮೂತ್ರವಾಗಿ ಹರಿಯುವಂತೆ ತೋರುವ ಈ ರೋಗವನ್ನು ವರ್ಣಿಸಿದ. ಡಯಾಬಿಟಿಸ್ ಎಂಬ ಗ್ರೀಕ್ ಪದಕ್ಕೆ ‘ಹಾದು ಹೋಗುವುದು’ ಎಂದೇ ಅರ್ಥ. ಮೂತ್ರ ಜೇನಿನಂತೆ ಸಿಹಿಯಾಗಿರುತ್ತದೆ ಎಂದು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಬರೆದದ್ದು 1674ರಲ್ಲಿ. ಆ ಸಿಹಿ ನಿಜವಾಗಿಯೂ ಸಕ್ಕರೆಯೇ ಎಂದು ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ತೋರಿಸಿದ. ಮೂತ್ರವನ್ನು ಇಂಗಿಸಿದಾಗ ತಳದಲ್ಲಿ ಸಕ್ಕರೆ ಉಳಿಯಿತು.

ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಸಕ್ಕರೆಯಾಗುವ ಆಹಾರವನ್ನೇ ನಿಲ್ಲಿಸಿದರಾಯಿತಲ್ಲ? ಬ್ರಿಟಿಷ್ ಸೇನಾ ವೈದ್ಯ ಜಾನ್ ರೋಲೊ ಹೀಗೆ ಯೋಚಿಸಿದ. ಮೆರೆಡಿತ್ ಎಂಬ ಸ್ಥೂಲಕಾಯದ ಸೇನಾ ಕ್ಯಾಪ್ಟನ್‌ಗೆ ಕಾಳು, ರೊಟ್ಟಿ, ತರಕಾರಿಗಳನ್ನು ಬಿಡಿಸಿ ಹಾಲು, ಕೊಬ್ಬು ಮತ್ತು ಮಾಂಸದ ಊಟ ಹಾಕಿದ. ಕ್ಯಾಪ್ಟನ್ನನ ತೂಕ ಇಳಿಯಿತು, ಮೂತ್ರದ ಸಕ್ಕರೆಯೂ ಹೋಯಿತು. 1797ರಲ್ಲಿ ರೋಲೊ ಇದನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಯುರೋಪಿನಲ್ಲಿ ಮಾಂಸದ ಪಥ್ಯಕ್ಕೆ ಹೆಸರು ಬಂತು.

ಮುಂದಿನ ಪಾಠ ಕಲಿಸಿದ್ದು ಯುದ್ಧ. 1870–71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ ನಗರವನ್ನು ಮುತ್ತಿತು. ನಗರದಲ್ಲಿ ಅನ್ನಕ್ಕೆ ಬರ ಬಂತು. ತನ್ನ ಮಧುಮೇಹಿಗಳಲ್ಲಿ ಹಲವರ ಮೂತ್ರದಿಂದ ಸಕ್ಕರೆ ಮಾಯವಾದದ್ದನ್ನು ಅಪೊಲಿನೇರ್ ಬುಶಾರ್ದಾ ಎಂಬ ವೈದ್ಯ ಆಗ ಗಮನಿಸಿದ. ಏನು ತಿನ್ನುತ್ತೇವೆ ಎಂಬುದಷ್ಟೇ ಅಲ್ಲ, ಎಷ್ಟು ತಿನ್ನುತ್ತೇವೆ ಎಂಬುದೂ ಮುಖ್ಯ ಎಂಬುದು ಹೊರಬಿತ್ತು. ಆತ ರೋಗಿಗಳಿಗೆ ಮಿತವಾಗಿ ಉಣ್ಣಿರಿ ಎಂದ, ಜತೆಗೆ ಬೆವರು ಬರುವಂತೆ ದುಡಿಯಿರಿ ಎಂದ. ಬಾವಿ ತೋಡು ಎಂಬ ಹಳೆಯ ಮಾತೇ ಪ್ಯಾರಿಸಿನ ಆಸ್ಪತ್ರೆಯಲ್ಲಿ ಮತ್ತೆ ಕೇಳಿಸಿತು.

ಹಸಿವೇ ಆಯುಸ್ಸು

ರೋಲೊ, ಬುಶಾರ್ದಾ ಯಶಸ್ಸು ಕಂಡ ರೋಗಿಗಳು ಬಹುಪಾಲು ನಡುವಯಸ್ಸಿನವರು. ಎಳೆಯ ಮಕ್ಕಳಿಗೆ ಬರುವ ಮಧುಮೇಹ ಬೇರೆಯೇ ರೀತಿ ವರ್ತಿಸುತ್ತಿತ್ತು. ಅವರು ಎಷ್ಟು ಪಥ್ಯ ಮಾಡಿದರೂ ಸೊರಗುತ್ತಲೇ ಹೋಗುತ್ತಿದ್ದರು. 1889ರಲ್ಲಿ ಸ್ಟ್ರಾಸ್‌ಬುರ್ಗಿನ ಮಿಂಕೋವ್‌ಸ್ಕಿ ಮತ್ತು ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂತು. ರೋಗದ ಮೂಲ ಹೊಟ್ಟೆಯೊಳಗಿನ ಈ ಗ್ರಂಥಿಯಲ್ಲಿದೆ ಎಂದು ಗೊತ್ತಾಯಿತು. ಆದರೆ ಅದರ ರಸವನ್ನು ಹೊರತೆಗೆದು ರೋಗಿಗೆ ಕೊಡುವ ಉಪಾಯ ಮುಂದೆ ಮೂವತ್ತು ವರ್ಷ ಯಾರಿಗೂ ಕೈಗೂಡಲಿಲ್ಲ.

ಆ ನಡುವಣ ವರ್ಷಗಳ ಕಥೆ ಕರುಣಾಜನಕ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಆಲೆನ್ ಪಥ್ಯವನ್ನು ಅದರ ಕೊನೆಯ ತುದಿಗೆ ಒಯ್ದ. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಉಪವಾಸ. ನಿಂತ ಮೇಲೆ ಜೀವ ಹಿಡಿಯುವಷ್ಟು ಮಾತ್ರ ಆಹಾರ. ಇದ್ದಬದ್ದ ಪಿಷ್ಟವೂ ಹೋಗಲೆಂದು ಮೂರು ಬಾರಿ ಬೇಯಿಸಿ ನೀರು ಚೆಲ್ಲಿದ ಸೊಪ್ಪು ತರಕಾರಿ. ಆಲೆನ್ ಕ್ರೂರಿಯಲ್ಲ. ಉಣ್ಣಲು ಕೊಟ್ಟರೆ ಮಗು ಬೇಗ ಸಾಯುತ್ತದೆ, ಕೊಡದಿದ್ದರೆ ಕೆಲವು ತಿಂಗಳೋ ಒಂದೆರಡು ವರ್ಷವೋ ಹೆಚ್ಚು ಬದುಕುತ್ತದೆ ಎಂಬುದಷ್ಟೇ ಆಗ ಅವನ ಮುಂದಿದ್ದ ಆಯ್ಕೆ.

ಅಮೆರಿಕದ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್‌ನ ಮಗಳು ಎಲಿಜಬೆತ್‌ಗೆ 1919ರಲ್ಲಿ, ಅವಳ ಹನ್ನೊಂದನೆಯ ವಯಸ್ಸಿನಲ್ಲಿ, ಮಧುಮೇಹ ಕಾಣಿಸಿತು. ಆಲೆನ್ ಹೇಳಿದ ಪಥ್ಯವನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಮೂರು ವರ್ಷಗಳ ನಂತರ, ಹದಿನೈದು ತುಂಬುವ ಹೊತ್ತಿಗೆ, ಅವಳ ತೂಕ ಸುಮಾರು 20 ಕಿಲೋ. ಅಷ್ಟರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮ್ಯಾಕ್ಲಾಡ್ ಮತ್ತು ಕಾಲಿಪ್ ಅವರ ಜತೆಗೂಡಿ, ಇನ್ಸುಲಿನ್ನನ್ನು ಬೇರ್ಪಡಿಸಿದ್ದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗ ಅದರ ಮೊದಲ ಚುಚ್ಚುಮದ್ದು ಪಡೆದ. ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್‌ಗೂ ಅದು ಸಿಕ್ಕಿತು. ಅವಳು ಮತ್ತೆ ಹೊಟ್ಟೆ ತುಂಬ ಉಂಡಳು, ಬೆಳೆದಳು, ಮದುವೆಯಾಗಿ ಮಕ್ಕಳನ್ನು ಪಡೆದಳು, ತೀರಿಕೊಂಡದ್ದು 1981ರಲ್ಲಿ. ಪಥ್ಯ ಅವಳನ್ನು ಗುಣಪಡಿಸಲಿಲ್ಲ. ಮದ್ದು ಬರುವವರೆಗೆ ಅವಳನ್ನು ಹಿಡಿದಿಟ್ಟಿತು, ಅಷ್ಟೇ.

ಒಂದು ಹೆಸರು, ಎರಡು ರೋಗ

ಇನ್ಸುಲಿನ್ ಬಂದ ಮೇಲೆ ಪಥ್ಯದ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಹಾಗೆ ಭಾವಿಸಲಿಲ್ಲ. ಆಹಾರ, ವ್ಯಾಯಾಮ, ಇನ್ಸುಲಿನ್ ಎಂಬ ಮೂರು ಕುದುರೆಗಳ ರಥಕ್ಕೆ ಅವನು ಈ ಚಿಕಿತ್ಸೆಯನ್ನು ಹೋಲಿಸುತ್ತಿದ್ದ. ಇನ್ನೊಂದು ಗೊಂದಲ 1936ರಲ್ಲಿ ಬಗೆಹರಿಯತೊಡಗಿತು. ಕೆಲವು ರೋಗಿಗಳ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ, ಕೆಲವರದು ಮಂದವಾಗಿ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಪ್ರಯೋಗದಿಂದ ತೋರಿಸಿದ. ಮಧುಮೇಹವೆಂಬ ಒಂದೇ ಹೆಸರಿನಡಿ ಎರಡು ರೋಗಗಳಿದ್ದವು.

ವ್ಯತ್ಯಾಸ ಸರಳವಾದದ್ದು. ರಕ್ತದಲ್ಲಿರುವ ಗ್ಲೂಕೋಸು ಸ್ನಾಯುಗಳ ಜೀವಕೋಶದೊಳಗೆ ಹೋಗಲು ಇನ್ಸುಲಿನ್ ಬೀಗದ ಕೈಯಂತೆ. ಟೈಪ್ 1 ರೋಗಿಯಲ್ಲಿ ಕೀಲಿಕೈಯೇ ಇಲ್ಲ. ಅದನ್ನು ಹೊರಗಿನಿಂದ ಕೊಡದೆ ಬೇರೆ ದಾರಿಯಿಲ್ಲ. ಟೈಪ್ 2 ರೋಗಿಯಲ್ಲಿ ಕೀಲಿಕೈ ಇದೆ, ಬೀಗ ಬಿಗಿಯಾಗಿದೆ. ವರ್ಷಗಳು ಕಳೆದಂತೆ ಕೀಲಿಕೈಯೂ ಸವೆಯುತ್ತದೆ. ಪಿತ್ತಜನಕಾಂಗ ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಸೇರಿದ ಕೊಬ್ಬು ಇದಕ್ಕೆ ದೊಡ್ಡ ಕಾರಣ. ಕಡಿಮೆ ಉಂಡರೆ ಆ ಕೊಬ್ಬು ಕರಗುತ್ತದೆ. ನಡೆಯುವಾಗ, ಭಾರ ಎತ್ತುವಾಗ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ನಡೆದವನಿಗೆ, ತೋಡಿದವನಿಗೆ ಗುಣ ಕಂಡದ್ದು ಈ ಕಾರಣದಿಂದಲೇ.

ಪರೀಕ್ಷೆಗೆ ನಿಂತ ಗಾದೆ

ಆದರೂ ಇದು ಬಹುಕಾಲ ಅನುಭವದ ಮಾತಾಗಿಯೇ ಉಳಿದಿತ್ತು. ಅದನ್ನು ಲೆಕ್ಕವಿಟ್ಟು ಪರೀಕ್ಷಿಸಿದ್ದು ಇತ್ತೀಚೆಗೆ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿ ಆರು ವರ್ಷ ಗಮನಿಸಿದರು. ಆಹಾರ, ವ್ಯಾಯಾಮ ಅಥವಾ ಎರಡನ್ನೂ ಪಾಲಿಸಿದ ಗುಂಪುಗಳಲ್ಲಿ ರೋಗಕ್ಕೆ ತುತ್ತಾಗುವ ಸಂಭವ ಶೇ 31ರಿಂದ 46ರಷ್ಟು ಕಡಿಮೆಯಾಯಿತು. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದ ಅಧ್ಯಯನದ ಫಲ 2002ರಲ್ಲಿ ಬಂತು. ವಾರಕ್ಕೆ 150 ನಿಮಿಷದ ವ್ಯಾಯಾಮ, ತೂಕದಲ್ಲಿ ಶೇ 7ರಷ್ಟು ಇಳಿಕೆ ಎಂಬ ಗುರಿಯಿಟ್ಟುಕೊಂಡವರಲ್ಲಿ ರೋಗ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ 31ರಷ್ಟು.

ನಮ್ಮವರ ಮೈಗೂ ಇದು ಒಗ್ಗುವುದೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಚೆನ್ನೈನಿಂದ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಭಾರತೀಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆಹಾರ, ನಡಿಗೆಗಳಿಂದ ಸಂಭವ ಶೇ 28.5ರಷ್ಟು ಇಳಿಯಿತು. ಮಾತ್ರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಲಾಭವಿದೆ, ಆದರೆ ಅಮೆರಿಕದಲ್ಲಿ ಕಂಡಷ್ಟಲ್ಲ. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚಿರುವ ದೇಹ ಭಾರತೀಯರದು ಎಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆ ತೋರಿಸಿದೆ. ಕನ್ನಡಿಯಲ್ಲಿ ಕಾಣುವ ಮೈಯನ್ನಷ್ಟೇ ನಂಬಿ ನಾವು ನಿಶ್ಚಿಂತೆಯಿಂದಿರುವಂತಿಲ್ಲ.

ಬಂದ ರೋಗವನ್ನೂ ಹಿಂದಕ್ಕೆ ಅಟ್ಟಬಹುದೇ? ಬ್ರಿಟನ್ನಿನಲ್ಲಿ ರೋಗ ಬಂದು ಆರು ವರ್ಷ ದಾಟದ ಟೈಪ್ 2 ರೋಗಿಗಳಿಗೆ ಕೆಲವು ತಿಂಗಳು ದಿನಕ್ಕೆ 800 ಚಿಲ್ಲರೆ ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ವರ್ಷದ ನಂತರ ಅವರಲ್ಲಿ ಶೇ 46 ಮಂದಿ ಮದ್ದಿಲ್ಲದೆ ರೋಗದ ಮಟ್ಟಕ್ಕಿಂತ ಕೆಳಗಿದ್ದರು ಎಂದು 2017ರ ವರದಿ ಹೇಳಿತು. ಎರಡನೆಯ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ತೂಕ ಮರಳಿದರೆ ರೋಗವೂ ಮರಳುತ್ತದೆ. ಬುಶಾರ್ದಾ ಮುತ್ತಿಗೆಯ ನಗರದಲ್ಲಿ ಕಂಡದ್ದನ್ನು ಇದು ವೈದ್ಯರ ಕಣ್ಗಾವಲಿನಲ್ಲಿ ಮಾಡಿ ತೋರಿಸಿತು.

ಮುದ್ದೆಯ ಲೆಕ್ಕ

ಇಷ್ಟನ್ನು ಇಟ್ಟುಕೊಂಡು ನಮ್ಮ ತಟ್ಟೆಯತ್ತ ನೋಡಬಹುದು. ಅನ್ನಕ್ಕೆ ಬದಲು ಮುದ್ದೆ ತಿಂದರೆ ಸಕ್ಕರೆ ಇಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಹೇರಳವಾಗಿದೆ, ನಿಜ. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ನಯವಾಗಿ ಬೀಸಿದ ಹಿಟ್ಟಿನ ಗಂಜಿ ಬೇಗನೆ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಒಂದು ಮುದ್ದೆಯ ಜಾಗದಲ್ಲಿ ಎರಡು ಮುದ್ದೆ ಉಂಡರೆ ಪಥ್ಯವಾಗದು. ಮುದ್ದೆಯ ಗಾತ್ರ ಚಿಕ್ಕದಾಗಿ, ಜತೆಗೆ ಸೊಪ್ಪು, ಹುರುಳಿ, ಹೆಸರುಕಾಳು ಹೆಚ್ಚಾದರೆ ಅದು ಪಥ್ಯ. ಹೊಲ ಉತ್ತು ಬಂದು ಮುದ್ದೆ ಉಂಡವರ ಮೈಗೂ, ಕುರ್ಚಿಯಿಂದ ಎದ್ದು ಬಂದು ಉಂಡವರ ಮೈಗೂ ಅದೇ ಮುದ್ದೆ ಒಂದೇ ಬಗೆಯಲ್ಲಿ ಒದಗುವುದಿಲ್ಲ.

ಇಂದು ಎರಡು ಬಗೆಯ ತಪ್ಪು ತಿಳಿವಳಿಕೆ ನಮ್ಮ ನಡುವೆ ಇದೆ. ಮಾತ್ರೆ ನುಂಗುತ್ತೇನಲ್ಲ, ಏನು ತಿಂದರೇನು ಎಂಬುದು ಒಂದು. ಪಥ್ಯ ಮಾಡುತ್ತೇನಲ್ಲ, ಮದ್ದೇಕೆ ಎಂಬುದು ಇನ್ನೊಂದು. ಮೊದಲನೆಯದು ನಿಧಾನವಾಗಿ ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕೆಡಿಸುತ್ತದೆ. ಎರಡನೆಯದು ಇನ್ನೂ ಬೇಗ ಅಪಾಯ ತರಬಲ್ಲದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತೀರ ಕಡಿಮೆ ಮಾಡಿದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಟೈಪ್ 1 ಇರುವ ಮಗುವಿಗೆ ಕಷಾಯ, ಪಥ್ಯ ಸಾಕೆಂದು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. ಅಂಥ ಮಗುವಿನ ಮನೆಯವರಿಗೆ ಹೇಳಬೇಕಾದ ಮಾತು ಒಂದೇ: ಅಂದು ಆಲೆನ್ನನ ಕೈಯಲ್ಲಿ ಹಸಿವಿನ ಹೊರತು ಬೇರೇನೂ ಇರಲಿಲ್ಲ, ಇಂದು ನಿಮ್ಮ ಕೈಯಲ್ಲಿ ಮದ್ದಿದೆ, ಅದನ್ನು ಬಿಡಬೇಡಿ.